ಬೆನ್ನು ತಿರುಗಿಸಿ ನಿಂತ ಕಲ್ಲು

ಹೊರಡುವ ದಿನ ಬೆಳಗಾಗುತ್ತಲೇ ಜೆಸಿಬಿ ಆಪರೇಟರ್ ಬೈಸಿಕೊಂಡ. ಕಾರಿನ ಕೀಲಿ ಕಿಟಕಿಯ ಕಟ್ಟೆಯ ಮೇಲಿತ್ತು. ಕಿಟಕಿಗೂ ಅವನಿಗೂ ನಡುವೆ, ನಡುಮನೆಯ ನೆಲದಲ್ಲಿ ಅಮ್ಮ ಹಾಸಿಗೆ ಹಾಸಿಕೊಂಡು ಮಲಗಿದ್ದಳು. ಸುತ್ತು ಹಾಕಿ ಹೋಗುವಷ್ಟು ಪುರುಸೊತ್ತು ಯಾರಿಗಿದೆ? ಅವಳ ಕಾಲಿನ ಮೇಲಿಂದಲೇ ದಾಟಿ ಹೋದ.

“ಏಯ್, ಮಲಗಿರೋರನ್ನ ದಾಟ್ತೀಯೇನೋ? ವಾಪಸ್ ದಾಟು! ಮೊದ್ಲು ವಾಪಸ್ ದಾಟು!”

ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡರೆ ಒಂದು ಕಣ್ಣು ತೆರೆದೇ ಇತ್ತು ನೋಡಿ. ನಲವತ್ತು ದಾಟಿದ ಗಂಡಸು, ಜೆಸಿಬಿ ಮೇಲೆ ಕೂತು ಗುಡ್ಡಗಳನ್ನೇ ಕರಗಿಸುವವನು, ಶಾಲೆ ಹುಡುಗನ ಹಾಗೆ ಬಂದ ದಾರಿಯಲ್ಲೇ ಕಾಲೆತ್ತಿಟ್ಟು ವಾಪಸ್ ದಾಟಿದ. ಇದು ಅಜ್ಜಿಯ ಕಾಲದಿಂದ ಬಂದ ಕಾನೂನು. ಅಜ್ಜ ಅಜ್ಜಿ ರಸ್ತೆ ಕೆಲಸದ ಗ್ಯಾಂಗಿನವರು, ಒಂದೇ ಡೇರೆಯಲ್ಲಿ ಹತ್ತಾರು ಜನರ ಜೊತೆ ಸಾಲಾಗಿ ಮಲಗಿದವರು. ಮಲಗಿದ ಮಗುವನ್ನು ದಾಟಿದರೆ ಮಗು ಬೆಳೆಯುವುದಿಲ್ಲ. ತಪ್ಪಿ ದಾಟಿದರೆ ಅದೇ ದಾರಿಯಲ್ಲಿ ವಾಪಸ್ ದಾಟಬೇಕು, ಆಗ ಸರಿಹೋಗುತ್ತದೆ. ಅಷ್ಟೇ, ಇದರ ಮೇಲೆ ವಾದವಿಲ್ಲ.

“ನೀನೇನು ಇನ್ನೂ ಬೆಳೀಬೇಕಾ?” ಅಂದ.

“ಬೆಳೆಯೋದು ಮುಗೀತು, ಈಗ ಸವೆಯೋದು ನಡೀತಿದೆಯಲ್ಲ,” ಅಂದು ಅಮ್ಮ ನಕ್ಕಳು. ಅವನಿಗೆ ನಗು ಬರಲಿಲ್ಲ.

ಸವೆಯುತ್ತಿದ್ದದ್ದು ನಿಜ. ಹೋದ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು ಹೊಸ ಮಾತ್ರೆ ಬರೆಯಲಿಲ್ಲ. ಹಳೆಯದನ್ನೂ ಹೊಡೆದುಹಾಕಿದರು. “ಏನು ತಿನ್ನಬೇಕು ಅನ್ಸುತ್ತೋ ಕೊಡಿ, ಎಲ್ಲಿಗೆ ಹೋಗ್ಬೇಕು ಅನ್ಸುತ್ತೋ ಕರ್ಕೊಂಡು ಹೋಗಿ,” ಅಂದರು. ಡಾಕ್ಟರು ಇಷ್ಟು ಧಾರಾಳವಾದರೆಂದರೆ ಅದರ ಅರ್ಥ ಏನೆಂದು ಎಂಥ ದಡ್ಡನಿಗೂ ಗೊತ್ತು. ಅಮ್ಮನಿಗೆ ತಿನ್ನುವುದೇನೂ ಬೇಡವಾಗಿತ್ತು. “ನಮ್ಮಪ್ಪ ಅಮ್ಮ ಮೈಲಿಗಲ್ಲು ನೆಟ್ಕೊಂಡು ಹೋದ ದಾರೀಲಿ ಒಂದ್ಸಲ ನನ್ನ ಕರ್ಕೊಂಡು ಹೋಗ್ತೀಯಾ? ಕಲ್ಲುಗಳೆಲ್ಲ ಇನ್ನೂ ಇವೆ ತಾನೆ?” ಎಂದು ಕೇಳಿದಳು.

ಇಲ್ಲೇ ಅವನು ಒಂದು ಸುಳ್ಳು ಹೇಳಿದ್ದು. “ಇರ್ತಾವೆ ಬಾಮ್ಮ, ಎಲ್ಲಿ ಹೋಗ್ತಾವೆ?”

ಕಲ್ಲುಗಳು ಎಲ್ಲಿ ಹೋದವು ಅಂತ ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಆ ರಸ್ತೆಯನ್ನು ಅಗಲ ಮಾಡಿದಾಗ, ಅಜ್ಜ ನೆಟ್ಟ ಮೈಲಿಗಲ್ಲುಗಳನ್ನು ಒಂದೊಂದಾಗಿ ಕಿತ್ತವನು ಅವನೇ. ಮನೆಗೆ ಬಂದು ಹೇಳಿದ್ದರೆ ಅಮ್ಮ ಕಣ್ಣೀರು ಹಾಕುತ್ತಿದ್ದಳು, ಅದಕ್ಕೇ ಹೇಳಿರಲಿಲ್ಲ. ಹೊಸ ರೈಲ್ವೆ ಸೇತುವೆಗೆ ಮಣ್ಣು ತುಂಬುತ್ತಿದ್ದೇನೆ ಅಂತ ಮಾತ್ರ ಹೇಳಿದ್ದ, ಅದೂ ನಿಜವೇ. ಕೆಲಸ ಕೆಲಸವೇ. ಅಜ್ಜ ನೆಟ್ಟ ಕಲ್ಲು ಅಂತ ಅದಕ್ಕೆ ಹಣೆ ಚಚ್ಚಿಕೊಳ್ಳೋಕಾಗುತ್ತದೆಯೇ? ಹಳೆ ರಸ್ತೆ ಸುತ್ತಿ ಬಳಸಿ ಹೋಗುವ ಕಡೆ ಒಂದೆರಡು ಕಲ್ಲು ಉಳಿದಿದ್ದವು. ಅವನ್ನೇ ತೋರಿಸಿ, ಒಂದು ಲೋಟ ಚಹಾ ಕುಡಿಸಿ, ಸಂಜೆಯೊಳಗೆ ಮನೆ ಸೇರಿಸಿದರಾಯಿತು ಎಂದು ಲೆಕ್ಕ ಹಾಕಿದ್ದ.

ಅಮ್ಮ ನೆಂಟರ ಮನೆಗೆ ಹೊರಟವಳ ಹಾಗೆ ಒಳ್ಳೆ ಬಟ್ಟೆ ಉಟ್ಟು, ಇದ್ದ ನಾಲ್ಕು ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ತಯಾರಾದಳು. ಕಾರು ಹತ್ತುವ ಶಕ್ತಿ ಮಾತ್ರ ಇರಲಿಲ್ಲ. ಅವನು ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಕಾಲುಗಳನ್ನು ಒಂದೊಂದಾಗಿ ತನ್ನ ಕೈಯಲ್ಲೇ ಎತ್ತಿ ಒಳಗಿಟ್ಟ. ಕಾಲಿನಲ್ಲಿ ಭಾರವೇ ಇರಲಿಲ್ಲ. ಬೆನ್ನಿಗೊಂದು ದಿಂಬು ಕೊಟ್ಟು ಬಾಗಿಲು ಹಾಕಿದ.

ಊರು ದಾಟಿ ಸ್ವಲ್ಪ ದೂರಕ್ಕೆ ರೈಲ್ವೆ ಹಳಿ. ಹಳಿಯ ಮೇಲೆ ಹೊಸ ಸೇತುವೆ, ಅದರ ಆಚೆಗೆ ಉದ್ದಾನುದ್ದ ಮಣ್ಣಿನ ಏರಿ. ಕಾರು ಸೇತುವೆ ಹತ್ತಿ ಏರಿಯಿಂದ ಇಳಿಯುವಾಗ ಅಮ್ಮ ಕಣ್ಣರಳಿಸಿ ಎರಡೂ ಕಡೆ ನೋಡಿದಳು.

“ಹೊಟ್ಟೆ ನೀರು ಅಲ್ಲಾಡ್ಲಿಲ್ಲ ಕಣೋ! ಇದೇನಾ ನಿನ್ನ ಕೆಲ್ಸ?”

“ಈ ಏರಿ ಮಣ್ಣೆಲ್ಲ ನಾನೇ ಅಗೆದು ಕಳ್ಸಿದ್ದು. ಸಾವಿರಾರು ಟಿಪ್ಪರ್ ಮಣ್ಣು.”

“ನಿಮ್ಮಜ್ಜ ಇದ್ದಿದ್ರೆ ಎಷ್ಟು ಹಿಗ್ಗಿರೋನು!” ಎಂದು ಅಮ್ಮ ಡ್ಯಾಶ್‌ಬೋರ್ಡನ್ನೇ ತಟ್ಟಿದಳು, ಮಗನ ಬೆನ್ನು ತಟ್ಟಲು ಕೈ ಎಟಕದ್ದಕ್ಕೆ. ಆಪರೇಟರಿಗೂ ಒಳಗೊಳಗೆ ಹಿಗ್ಗಾಯಿತು. ಯಾಕೆ ಸುಳ್ಳು ಹೇಳಬೇಕು, ಹೊಗಳಿದರೆ ಯಾರು ಹಿಗ್ಗುವುದಿಲ್ಲ?

ಹಳೆ ರಸ್ತೆಯ ತುಂಡೊಂದು ಬಲಕ್ಕೆ ಸರಿದುಹೋಗುವ ಕಡೆ ಮೊದಲನೆಯ ಕಲ್ಲು ಸಿಕ್ಕಿತು. ಗಿಡಗಂಟಿಯ ನಡುವೆ ವಾಲಿಕೊಂಡಿತ್ತು. ಅಮ್ಮ ಅವನ ತೋಳು ಹಿಡಿದು ಇಳಿದು, ಕಲ್ಲಿನ ದುಂಡು ತಲೆಯನ್ನು ಸವರಿದಳು.

“ಅಪ್ಪಂದೇ ಕೈ,” ಅಂದಳು. ಆಮೇಲೆ ಸುತ್ತಮುತ್ತ ಯಾರಿದ್ದಾರೆ ಅಂತ ನೋಡಿದಳು. ಯಾರೂ ಇರಲಿಲ್ಲ. “ನನಗೊಬ್ಬಳು ಅಕ್ಕ ಇದ್ಲು ಕಣೋ.”

“ನಿಂಗಾ? ಮನೇಲಿ ನೀನೇ ದೊಡ್ಡೋಳಲ್ವಾ?”

“ಮತ್ತೆ ನಮ್ಮಮ್ಮ ಸಾಯೋವರೆಗೂ ನನ್ನ ‘ಎರಡ್ನೇದೇ, ಬಾರೇ ಎರಡ್ನೇದೇ’ ಅಂತ ಯಾಕೆ ಕರೀತಿದ್ಲು?”

ಅಜ್ಜಿ ಹಾಗೆ ಕರೆಯುತ್ತಿದ್ದದ್ದು ಅವನ ಕಿವಿಯಲ್ಲೂ ಇತ್ತು. ಮುದುಕಿಯ ತಮಾಷೆ ಅಂದುಕೊಂಡಿದ್ದ. ಅಮ್ಮ ಕಾರಿನೊಳಗೆ ಕೂತು, ನೀರು ಕುಡಿದು, ಒಂದು ಜನ್ಮದಿಂದ ಬಾಯಿ ಬಿಡದ ವಿಷಯವನ್ನು ಹೇಳಿದಳು.

ಗ್ಯಾಂಗಿನ ಕೆಲಸದ ಪದ್ಧತಿ ಹೀಗಿತ್ತಂತೆ. ಮುಂದೆ ಹೋದವರು ಇವತ್ತು ಗುಂಡಿ ತೋಡಿಡುವುದು, ನಾಳೆ ಬೆಳಿಗ್ಗೆ ಗಾಡಿಯಲ್ಲಿ ಕಲ್ಲು ಬಂದು ಅದರಲ್ಲಿ ನಿಲ್ಲುವುದು. ನಿಂತ ಕಲ್ಲಿನ ಕಡೆ ಮತ್ತೆ ತಿರುಗಿ ನೋಡುವಂತಿಲ್ಲ, ಡೇರೆ ಕಿತ್ತು ಮುಂದಕ್ಕೆ ಹೋಗುವುದೇ ಕೆಲಸ. ಅಜ್ಜ ಅಜ್ಜಿಗೆ ಮೊದಲು ಹುಟ್ಟಿದ್ದು ಹೆಣ್ಣು ಮಗು. ಆಗತಾನೇ ಎದ್ದು ನಿಂತು ಎರಡು ಹೆಜ್ಜೆ ಇಡುತ್ತಿತ್ತು. ಒಂದು ದಿಬ್ಬದ ನೆತ್ತಿಯಲ್ಲಿ ಡೇರೆ ಹಾಕಿದ್ದಾಗ ಜ್ವರ ಬಂತು. ಡಾಕ್ಟರಿಲ್ಲ, ಮದ್ದಿಲ್ಲ. ಬೆಳಗಾಗುವಾಗ ಮಗು ಇರಲಿಲ್ಲ. ಹೊರಗೆ ಕಲ್ಲಿಗೆ ತೋಡಿಟ್ಟ ಗುಂಡಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಸರ್ಕಾರಿ ರಸ್ತೆಯ ಬದಿಯಲ್ಲಿ ಹೂಳಿದ್ದು ಗೊತ್ತಾದರೆ ಓವರ್ಸಿಯರ್ ತೆಗೆಸುತ್ತಾನೆ, ಕೆಲಸದಿಂದಲೂ ತೆಗೆಯುತ್ತಾನೆ. ಅದಕ್ಕೆ ಅಜ್ಜ ಯಾರೂ ಏಳುವ ಮೊದಲು ಅದೇ ಗುಂಡಿಯನ್ನು ಹೊಲದ ಕಡೆಗೆ ಅಗಲ ಮಾಡಿ ಮಗುವನ್ನು ಮಲಗಿಸಿದ. ಕಲ್ಲು ಬಂದಾಗ ನೆಟ್ಟ. ಆದರೆ ಊರು ಇಷ್ಟು ದೂರ ಎಂದು ಕೆತ್ತಿದ್ದ ಮುಖವನ್ನು ರಸ್ತೆಯ ಕಡೆ ಇಡಲಿಲ್ಲ, ಮಗುವಿನ ಕಡೆಗೆ ತಿರುಗಿಸಿ ನಿಲ್ಲಿಸಿದ.

“ಯಾಕಮ್ಮ?” ಅಂದ.

“ಊರು ಎಷ್ಟು ದೂರ ಇದೆ ಅಂತ ಅವಳಿಗೆ ಗೊತ್ತಾಗ್ಲಿ, ನಡಿಯೋಕೆ ಕಲ್ತಿದಾಳಲ್ಲ, ಬೇಕು ಅನ್ಸಿದ್ರೆ ಬರ್ಲಿ ಅಂದನಂತೆ. ದಾರಿಹೋಕರಿಗೆ ಬೇರೆ ಕಲ್ಲುಗಳಿವೆ, ಇದು ಅವಳಿಗಿರ್ಲಿ ಅಂದನಂತೆ.” ಅಮ್ಮ ಮೂಗು ಒರೆಸಿಕೊಂಡಳು. “ಓವರ್ಸಿಯರ್ ಬಂದು ಕಲ್ಲು ತಿರುಗು ಮುರುಗಾಗಿದೆ ಅಂತ ಎಲ್ಲರೆದುರು ಉಗಿದನಂತೆ. ಅಪ್ಪ ‘ತಪ್ಪಾಯ್ತು ಸ್ವಾಮಿ, ರಾತ್ರಿ ಕುಡಿದಿದ್ದೆ’ ಅಂದನಂತೆ. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದೋನಲ್ಲ ನಮ್ಮಪ್ಪ! ಕಿತ್ತು ತಿರುಗಿಸೋಕೆ ಪುರುಸೊತ್ತಿಲ್ಲ, ಮುಂದಿನ ಕೆಲ್ಸ ನಿಂತಿದೆ, ಹಾಗೇ ಬಿಟ್ಟು ಹೋದ್ರು. ಅವರು ಮತ್ತೆ ಈ ಕಡೆ ಬರ್ಲೇ ಇಲ್ಲ. ಸಾಯೋವಾಗ ನಮ್ಮಮ್ಮ ನನ್ನ ಕೈ ಹಿಡ್ಕೊಂಡು, ಯಾರ ಹತ್ರಾನೂ ಹೇಳ್ಬೇಡ, ಆದ್ರೆ ಒಂದ್ಸಲ ಹೋಗಿ ಮಾತಾಡ್ಸಿ ಬಾ, ಒಬ್ಬಳೇ ಇದಾಳೆ ಅಂದ್ಲು. ಇವತ್ತು ನಾಳೆ ಅಂತ ನಾನೂ ತಳ್ತಾ ಬಂದೆ. ನಿನ್ನ ಸಾಕೋದ್ರಲ್ಲಿ, ನಿಮ್ಮಪ್ಪನ್ನ ನೋಡ್ಕೊಳ್ಳೋದ್ರಲ್ಲೇ ಆಯುಷ್ಯ ಕಳೀತು. ಬೆನ್ನು ತಿರುಗಿಸಿ ನಿಂತಿರೋ ಕಲ್ಲು ಒಂದೇ ಒಂದು ಇರೋದು ಕಣೋ, ಗುರುತು ಸಿಗುತ್ತೆ. ಪಕ್ಕದಲ್ಲಿ ಬಂಡೆ ಮೇಲೊಂದು ಬಂಡೆ ಕೂತಿದೆಯಂತೆ. ನೀನು ಎಡಗಡೆ ನೋಡ್ತಿರು, ನಾನು ಬಲಗಡೆ ನೋಡ್ತೀನಿ.”

ಆಪರೇಟರ್ ಕಾರು ಹೊರಡಿಸಿದ.

ಆ ಕಲ್ಲು ಅವನಿಗೆ ನೆನಪಿತ್ತು. ನೆನಪಿರದೆ ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ನೂರಾರು ಕಲ್ಲುಗಳಲ್ಲಿ ಅದೊಂದೇ ರಸ್ತೆಗೆ ಬೆನ್ನು ಹಾಕಿ ಹೊಲ ನೋಡುತ್ತ ನಿಂತಿತ್ತು. ಟಿಪ್ಪರ್ ಡ್ರೈವರುಗಳೆಲ್ಲ ಕೆಳಗಿಳಿದು ಬಂದು ನೋಡಿದ್ದರು. ಅವನು ಕ್ಯಾಬಿನ್ನಿನಿಂದಲೇ ಕೂಗಿದ್ದ: “ಇದು ನೆಟ್ಟೋನು ನಮ್ಮಜ್ಜ ಕಣ್ರೋ! ಅವತ್ತು ಕಂಠಮಟ್ಟ ಏರಿಸಿದ್ದ ಅನ್ಸುತ್ತೆ!” ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಅವನೂ ನಕ್ಕು, ಬಕೆಟ್ಟಿನ ಹಲ್ಲು ಕಲ್ಲಿನ ಬುಡಕ್ಕೆ ಕೊಟ್ಟು ಒಂದೇ ಏಟಿಗೆ ಮೀಟಿದ್ದ. ಹೊಸ ರಸ್ತೆಗೆ ದಿಬ್ಬವನ್ನೇ ತಗ್ಗಿಸಬೇಕಿತ್ತು. ಕಲ್ಲು ಕಿತ್ತ ಜಾಗದಿಂದಲೇ ಅಗೆತ ಶುರುಮಾಡಿ ಆಳಕ್ಕೆ ಇಳಿದಿದ್ದ. ಬಂದದ್ದು ಕೆಂಪು ಮಣ್ಣು. ಬಕೆಟ್ ತುಂಬುವುದು, ಟಿಪ್ಪರಿಗೆ ಸುರಿಯುವುದು, ಮತ್ತೆ ತುಂಬುವುದು. ಮಣ್ಣಿನಲ್ಲಿ ಏನು ಬಂತೆಂದು ನೋಡುತ್ತ ಕೂತರೆ ದಿನದ ಕೆಲಸ ಮುಗಿಯುತ್ತದೆಯೇ?

ಹೇಳಿಬಿಡಲೇ ಎಂದು ಬಾಯಿ ತೆರೆದ. ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಕಣ್ಣು ಹೊಳೆಯುತ್ತಿದ್ದುದನ್ನು ಕಂಡು ಅವನು ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಬೇರೆ ಯಾವುದಾದರೂ ಕಲ್ಲು ತೋರಿಸಿದರೆ? ಉಳಿದ ಒಂದು ಕಲ್ಲಿನ ಹತ್ತಿರ ಅವಳನ್ನು ಕಾರಿನಲ್ಲೇ ಬಿಟ್ಟು, ತಾನೊಬ್ಬನೇ ಹೋಗಿ ಅದನ್ನು ಅಲ್ಲಾಡಿಸಿ ತಿರುಗಿಸಿ ನಿಲ್ಲಿಸಿ, ಸಿಕ್ತಮ್ಮಾ ಎಂದು ಕೂಗಿದರೆ? ಸುಳ್ಳು ಕಲ್ಲಾದರೇನು, ಅಮ್ಮ ಕೂತು ಎರಡು ಮಾತಾಡಿಕೊಂಡು ಸಮಾಧಾನದಿಂದ ಮನೆಗೆ ಬರುತ್ತಾಳಲ್ಲ. ಆ ಯೋಚನೆ ಬಂದದ್ದೇ ಅವನಿಗೆ ಜೀವ ಬಂದಂತಾಯಿತು. ಮುಂದೆ ಹಳೆ ರಸ್ತೆ ಇನ್ನೊಮ್ಮೆ ಬಳಸಿ ಹೋಗುವ ಕಡೆ ಒಂದು ಕಲ್ಲಿತ್ತು. ಈ ದಿಬ್ಬವನ್ನು ಒಂದು ಸಲ ದಾಟಿಬಿಟ್ಟರೆ ಸಾಕು ಎಂದು ವೇಗ ಹೆಚ್ಚಿಸಿದ.

ಆದರೆ ಜೆಸಿಬಿಗೂ ಜಗ್ಗದ ವಸ್ತು ಒಂದಿತ್ತು ನೋಡಿ, ಬಂಡೆ. ರಸ್ತೆ ತಗ್ಗಾಗಿ ಎರಡೂ ಕಡೆ ಕೊರೆದ ಗೋಡೆ ಎದ್ದಿತ್ತು. ಗೋಡೆ ಮುಗಿಯುವಲ್ಲಿ, ಮೇಲೊಂದು ಕೆಳಗೊಂದು ಬಂಡೆ, ಇದ್ದ ಹಾಗೇ ಇದ್ದವು.

“ನಿಲ್ಸು! ನಿಲ್ಸೋ, ಬಂಡೆ! ಬಂಡೆ ಬಂತು!”

“ಇದಲ್ಲಮ್ಮ, ಇಂಥವು ಮುಂದೆ ಬೇಕಾದಷ್ಟಿವೆ.”

“ನಿಲ್ಸು ಅಂದೆ!” ಅಮ್ಮ ಬಾಗಿಲ ಹಿಡಿಕೆಗೇ ಕೈ ಹಾಕಿದಳು. ನಿಲ್ಲಿಸದೆ ಬೇರೆ ದಾರಿ ಇರಲಿಲ್ಲ.

ಬಂಡೆಯ ನೆರಳಿನಲ್ಲಿ ತಗಡಿನ ಚಹಾದಂಗಡಿ. ನಡೆಸುವ ಹೆಂಗಸು ಒಲೆಯ ಮುಂದೆ ಕೂತು ಪಾತ್ರೆ ಉಜ್ಜುತ್ತಿದ್ದಳು. ರಸ್ತೆ ಕೆಲಸ ನಡೆದಷ್ಟು ಕಾಲ ಆಪರೇಟರ್ ಚಹಾ ಕುಡಿದದ್ದು ಇಲ್ಲೇ. ಅವನು ಟವೆಲ್ಲನ್ನು ತಲೆಗೆ ಸುತ್ತಿ, ಮುಖ ತಗ್ಗಿಸಿ, ಅಮ್ಮನನ್ನು ಬೆಂಚಿನ ತುದಿಯಲ್ಲಿ ಕೂರಿಸಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಹಾಗಾಗಿತ್ತು ಅವನ ಸ್ಥಿತಿ.

“ಇಲ್ಲೊಂದು ಮೈಲಿಗಲ್ಲು ಇತ್ತಲ್ಲ ತಾಯಿ,” ಅಮ್ಮ ಉಸಿರು ಸಾಲದೆ ನಿಲ್ಲಿಸಿ ನಿಲ್ಲಿಸಿ ಕೇಳಿದಳು, “ರಸ್ತೆಗೆ ಬೆನ್ನು ಹಾಕಿ ನಿಂತಿರೋದು?”

“ಅಯ್ಯೋ, ಆ ಸಿಟ್ಟಿನ ಕಲ್ಲಾ?” ಅಂಗಡಿಯವಳು ನಕ್ಕಳು. “ನಾವೆಲ್ಲ ಹಾಗೇ ಕರೀತಿದ್ವಿ. ಯಾರ ಮೇಲೋ ಮುನಿಸ್ಕೊಂಡು ತಿರುಗಿ ನಿಂತ್ಕೊಂಡಿದೆ ಅಂತ. ನನ್ನ ಮಕ್ಕಳು ಅದರ ಮೇಲೆ ಕೂತೇ ಬೆಳೆದ್ರು. ಕಿತ್ತುಹಾಕಿದ್ರಮ್ಮ, ರಸ್ತೆ ಮಾಡುವಾಗ. ದಿಬ್ಬ ಪೂರ್ತಿ ತೆಗೆದ್ರಲ್ಲ, ನೋಡಿ, ಈಗ ಕಾರು ಹೋಗ್ತಿದೆಯಲ್ಲ, ಅದಕ್ಕೆ ಎರಡಾಳು ಮೇಲಿತ್ತು ಆ ಕಲ್ಲು.”

ಅಮ್ಮ ತಲೆಯೆತ್ತಿ, ರಸ್ತೆಯ ಮೇಲೆ, ಎರಡಾಳು ಎತ್ತರದಲ್ಲಿ, ಏನೂ ಇಲ್ಲದ ಗಾಳಿಯನ್ನು ನೋಡಿದಳು.

“ಅದರ ಕೆಳಗಿನ ಮಣ್ಣು?”

“ಮಣ್ಣೇನಮ್ಮ, ಲಾರೀಲಿ ಹೊತ್ಕೊಂಡು ಹೋದ್ರು.” ಅಂಗಡಿಯವಳು ಲೋಟ ಕೊಡಲು ಬಗ್ಗಿದಾಗ ಟವೆಲ್ಲಿನ ಕೆಳಗಿನ ಮುಖ ಕಂಡಿತು. “ಅರೆ! ಜೆಸಿಬಿ ಅಣ್ಣ ಅಲ್ವಾ ನೀವು? ಏನಣ್ಣ ಇಷ್ಟು ಇಳಿದುಹೋಗಿದೀರ, ಗುರ್ತೇ ಸಿಗ್ಲಿಲ್ಲ! ಅಮ್ಮ, ನಿಮ್ಮ ಮಗನೇನಾ ಇವ್ರು? ಇವರನ್ನೇ ಕೇಳಿ ಮತ್ತೆ, ಕಿತ್ತೋರು ಇವರೇ ಅಲ್ವಾ! ನಮ್ಮಜ್ಜ ಕುಡಿದು ನೆಟ್ಟಿದ್ದು ಅಂತ ಹೇಳಿ ಎಷ್ಟು ನಗಿಸಿದ್ರು ಅಂತೀರ ಅವತ್ತು!”

ಹೇಳಿದವಳ ತಪ್ಪೇನೂ ಇಲ್ಲ. ಒಳ್ಳೆ ಮನಸ್ಸಿನಿಂದ, ಹಳೆ ಗಿರಾಕಿ ಸಿಕ್ಕ ಖುಷಿಗೆ ಹೇಳಿದ್ದು. ಅಮ್ಮನಿಗೆಂದು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆಯನ್ನೂ ಹಾಕಿದಳು.

ಅಮ್ಮ ಚಹಾ ಮುಟ್ಟಲಿಲ್ಲ. ಬೈಯಲೂ ಇಲ್ಲ. ಬೆಳಿಗ್ಗೆ ಕಾಲು ದಾಟಿದ್ದಕ್ಕೆ ಅಷ್ಟು ಬೈದವಳು ಈಗ ಒಂದೇ ಒಂದು ಮಾತು ಬೈದಿದ್ದರೂ ಅವನು ಉಳಿದುಕೊಳ್ಳುತ್ತಿದ್ದ. ಅವನು ಅವಳೆದುರು ನೆಲದಲ್ಲೇ ಕುಕ್ಕರಿಸಿದ.

“ನಂಗೆ ಗೊತ್ತಿರ್ಲಿಲ್ಲಮ್ಮ. ನಿನ್ನಾಣೆಗೂ ಗೊತ್ತಿರ್ಲಿಲ್ಲ.”

“ನಾನು ಹೇಳಿದ್ರೆ ತಾನೆ ನಿಂಗೆ ಗೊತ್ತಾಗೋದು? ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದು ನಾನು.” ಅಮ್ಮನ ದನಿಯಲ್ಲಿ ಏನೂ ಇರಲಿಲ್ಲ. ಆಮೇಲೆ ಕೇಳಿದಳು, “ಅಗೀತಿದ್ದಾಗ ಏನಾದ್ರೂ ಕಂಡಿತಾ?”

“ಇಲ್ಲಮ್ಮ.”

“ಸಣ್ಣದಿರುತ್ತೆ ಕಣೋ, ಚಿಕ್ಕ ಮಗು. ಸರಿಯಾಗಿ ನೋಡಿದ್ಯಾ?”

ಹೌದು ಅಂದುಬಿಡಬಹುದಿತ್ತು. ಇಲ್ಲಿಯವರೆಗೆ ಹೇಳಿದ ಸುಳ್ಳುಗಳ ಸಾಲಿಗೆ ಇದೂ ಒಂದು. ಆದರೆ ಆ ಮುಖ ನೋಡಿ ಅವನಿಗೆ ಆಗಲಿಲ್ಲ. “ನೋಡ್ಲಿಲ್ಲ,” ಅಂದ.

“ಎಲ್ಲಿ ಸುರಿದ್ರಿ?”

ಅಮ್ಮ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಆ ಕಣ್ಣುಗಳು ನಿಧಾನವಾಗಿ ತಾವು ಬಂದ ರಸ್ತೆಯ ಕಡೆ ಹೊರಳಿದವು. ಸಾವಿರಾರು ಟಿಪ್ಪರ್ ಮಣ್ಣು ಅಂತ ಬೆಳಿಗ್ಗೆ ಬಾಯಿ ತುಂಬ ಹೇಳಿಕೊಂಡಿದ್ದನಲ್ಲ, ಅವಳು ಕೇಳಿಸಿಕೊಂಡಿದ್ದಳಲ್ಲ.

“ಸೇತುವೆ ಏರಿಗಾ?”

ಅವನು ತಲೆಯಾಡಿಸಿದ.

“ಕಲ್ಲು?”

“ಒಡೆದು ಅದರ ಪಕ್ಕಕ್ಕೇ ಜೋಡಿಸಿದ್ರು.”

ಸ್ವಲ್ಪ ಹೊತ್ತು ಕೂತಿದ್ದು ಹೋಗೋಣ, ಇಲ್ಲೇ ಬಂಡೆ ಹತ್ತಿರ ಎರಡು ಮಾತಾಡಿಕೋ ಎಂದು ಅವನು ಅಂಗಲಾಚಿದ. ಅಮ್ಮ ಬಂಡೆಯ ಕಡೆ ತಿರುಗಿಯೂ ನೋಡಲಿಲ್ಲ. “ಇಲ್ಲಿ ಯಾರಿದಾರೆ ಮಾತಾಡ್ಸೋಕೆ? ನಡಿ,” ಅಂದಳು. ಅವನು ಅವಳನ್ನು ಎತ್ತಿ ಕಾರಿನಲ್ಲಿ ಕೂರಿಸಿದ. ಕಾಲುಗಳನ್ನು ಒಂದೊಂದಾಗಿ ಒಳಗಿಟ್ಟ. ಬೆಳಿಗ್ಗೆಗಿಂತ ಭಾರವಾಗಿದ್ದವು.

ಹೊಸ ರಸ್ತೆ ಎಲ್ಲೂ ಒಂದು ಕುಲುಕು ಇಲ್ಲದೆ ನುಣ್ಣಗಿತ್ತು, ಅದೊಂದು ಪೀಡೆ. ಹಾಳು ರಸ್ತೆಯಾಗಿದ್ದರೆ ಹೊಂಡ ಬಂತು, ಹಿಡ್ಕೋ ಅಂತಾದರೂ ಮಾತಾಡಬಹುದಿತ್ತು. ದೂರದಲ್ಲಿ ಏರಿ ಕಾಣಿಸಿದಾಗ ಅಮ್ಮ ಕೇಳಿದಳು.

“ಬೇರೆ ದಾರಿ ಇಲ್ವಾ ಮನೆಗೆ?”

“ಇಲ್ಲಮ್ಮ. ಹಳಿ ದಾಟೋಕೆ ಅದೊಂದೇ. ಹಳೆ ರೈಲ್ವೆ ಗೇಟು ಮುಚ್ಚಿಬಿಟ್ರು.”

“ಪಕ್ಕಕ್ಕೆ ನಿಲ್ಸೋಕಾಗುತ್ತಾ?”

“ಎರಡೂ ಕಡೆ ಗೋಡೆ. ನಿಲ್ಸೋಕೆ ಜಾಗ ಬಿಟ್ಟಿಲ್ಲ.” ಆಮೇಲೆ, ಮುಳುಗುವವನು ಕಡ್ಡಿಗೆ ಕೈ ಚಾಚುವ ಹಾಗೆ, ಮಗುವಿನ ದನಿಯಲ್ಲಿ ಕೇಳಿದ, “ಅಮ್ಮ, ಬೆಳಿಗ್ಗೆ ಆ ಕಡೆ ದಾಟಿದ್ವಿ. ಈಗ ವಾಪಸ್ ದಾಟ್ತಿದೀವಲ್ಲ. ಸರಿಹೋಗುತ್ತಲ್ವಾ?”

ಅಮ್ಮ ಎದುರಿಗೆ ಏರಿಯಿಂದ ಇಳಿದು ಬರುತ್ತಿದ್ದ ಲಾರಿಗಳನ್ನು ನೋಡುತ್ತಿದ್ದಳು. ಒಂದರ ಹಿಂದೆ ಒಂದು, ಕೊನೆಯೇ ಇರಲಿಲ್ಲ. ಅವುಗಳಲ್ಲಿ ಎಷ್ಟು ಈ ದಾರಿಯಲ್ಲೇ ವಾಪಸ್ ಬರುತ್ತವೆ, ಯಾರು ಕೇಳುತ್ತಾರೆ?

ಕಾರು ಏರಿ ಹತ್ತತೊಡಗಿತು. ಅಮ್ಮ ಚಪ್ಪಲಿ ಕಳಚಿದಳು. ಎರಡೂ ಕೈಯನ್ನು ಸೀಟಿಗೆ ಊರಿ, ಹಲ್ಲು ಕಚ್ಚಿ, ಕಾರಿನ ನೆಲದಿಂದ ಎರಡೂ ಕಾಲನ್ನು ಮೇಲೆತ್ತಿದಳು. ಬೆಳಿಗ್ಗೆ ಮಗನ ಕೈಯಿಲ್ಲದೆ ಕಾರಿನೊಳಗೆ ಬರಲಾರದ ಕಾಲುಗಳು ಗಾಳಿಯಲ್ಲಿ ಗಡಗಡ ನಡುಗುತ್ತಿದ್ದವು.

“ಅಮ್ಮಾ, ಬೇಡಮ್ಮ, ನೋಯುತ್ತೆ. ಇಳ್ಸು.”

“ದಾಟಿತಾ?” ಕಣ್ಣು ಮುಚ್ಚಿಕೊಂಡೇ ಕೇಳಿದಳು.

“ಇನ್ನೂ ಇಲ್ಲ.”

“ನಿದ್ದೆ ಮಾಡ್ತಿರ್ತಾಳೆ. ಬೇಗ ದಾಟು.”

ಅವನಿಗೂ ಕಾಲೆತ್ತಬೇಕು ಅನ್ನಿಸಿತು. ಎರಡೂ ಕಾಲೆತ್ತಿ, ಸೀಟಿನ ಮೇಲೆ ಮುದುಡಿ ಕೂತು, ಗೊಳೋ ಎಂದು ಅಳಬೇಕು ಅನ್ನಿಸಿತು. ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯುತ್ತಲೇ ಇತ್ತು. ಅವನು ಕಾಲೆತ್ತಿದರೆ ಕಾರು ಆ ಮಲಗಿದ ಮಗುವಿನ ಮೇಲೇ ನಿಂತುಬಿಡುತ್ತದೆ. ಆಕ್ಸಿಲರೇಟರನ್ನು ಇನ್ನಷ್ಟು ಬಲವಾಗಿ ತುಳಿದ.